ಆ 77 ಸೆಕೆಂಡು ಯಾಕೆ ಬೇಕು?

ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ: "ಇನ್ನೇನು ಚಕ್ರ ನೆಲ ಮುಟ್ಟಬೇಕು, ಅಷ್ಟರಲ್ಲಿ ನಮ್ಮ ವಿಮಾನ ಮೂತಿ ಎತ್ತಿ ಮತ್ತೆ ಮೇಲಕ್ಕೆ ಹಾರಿತು. ಮುಂದೆ ಇಳಿದಿದ್ದ ವಿಮಾನ ಇನ್ನೂ ರನ್‌ವೇ ಬಿಟ್ಟಿರಲಿಲ್ಲವಂತೆ. ಸುತ್ತು ಹೊಡೆದು ಇಳಿಯುವಷ್ಟರಲ್ಲಿ ಇಪ್ಪತ್ತು ನಿಮಿಷ ಹಾಳು. ಎರಡು ವಿಮಾನಗಳ ನಡುವೆ ಅಷ್ಟೊಂದು ಜಾಗ ಖಾಲಿ ಬಿಟ್ಟೂ ಹೀಗೆ! ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ ಟವರಿನವರನ್ನು ಮನೆಗೆ ಕಳಿಸಬಾರದೇ?"

ಉತ್ತರ: ಎಂಜಿನ್ ಒಮ್ಮೆಲೇ ಅಬ್ಬರಿಸಿ ಬೆನ್ನು ಸೀಟಿಗೆ ಒತ್ತಿಕೊಂಡಾಗ ಯಾರಿಗಾದರೂ ಜೀವ ಬಾಯಿಗೆ ಬರುತ್ತದೆ. ಅಷ್ಟರ ಮಟ್ಟಿಗೆ ನಾನು ನಿಮ್ಮ ಕಡೆ. ಆದರೆ ಆ "ಹಾಳು" ಅನ್ನುವ ಮಾತಿದೆಯಲ್ಲ, ಅದರ ಮೇಲೆ ಸ್ವಲ್ಪ ಜಗಳ ಆಡೋಣ.

ಇಳಿಯಲು ಸಾಲಾಗಿ ಬರುವ ವಿಮಾನಗಳ ನಡುವೆ ರೇಡಾರ್ ನೋಡಿ ಬಿಡುವ ಅಂತರ ಸಾಮಾನ್ಯವಾಗಿ ಕನಿಷ್ಠ 3 ನಾಟಿಕಲ್ ಮೈಲಿ. ಅಂದರೆ ಸುಮಾರು ಐದೂವರೆ ಕಿಲೋಮೀಟರ್. ಕೇಳೋಕೆ ಜಾಸ್ತಿ ಅನಿಸುತ್ತದೆ, ಅಲ್ವಾ? ಗಂಟೆಗೆ 260 ಕಿಲೋಮೀಟರ್ ವೇಗದಲ್ಲಿ ಇಳಿಯುವ ವಿಮಾನಕ್ಕೆ ಅದು 77 ಸೆಕೆಂಡಿನ ದಾರಿ. ಅಷ್ಟರೊಳಗೆ ಮುಂದಿನದು ನೆಲ ಮುಟ್ಟಿ, ಬ್ರೇಕ್ ಹಾಕಿ, ಪಕ್ಕಕ್ಕೆ ತಿರುಗಿ, ಬಾಲದ ಸಮೇತ ರನ್‌ವೇ ದಾಟಿ ಹೋಗಿರಬೇಕು. ಅದಕ್ಕೇ ಸುಮಾರು 50 ಸೆಕೆಂಡು ಬೇಕು. ಒಂದು ತಿರುವು ತಪ್ಪಿ ಮುಂದಿನ ತಿರುವಿನ ತನಕ ಉರುಳಿತೋ, ಮುಗಿಯಿತು. ಸಾಲದ್ದಕ್ಕೆ, ಮುಂದಿನದು ಇಳಿಯುವ ಹೊತ್ತಿಗೆ ವೇಗ ತಗ್ಗಿಸಿರುತ್ತದೆ, ಹಿಂದಿನದು ಇನ್ನೂ ಜೋರಾಗಿ ಬರುತ್ತಿರುತ್ತದೆ. ಬಿಟ್ಟ ಅಂತರ ನೋಡನೋಡುತ್ತ ಕರಗುತ್ತದೆ.

ಖಾಲಿ ಅಂದಿರಲ್ಲ, ಅದು ಖಾಲಿಯೂ ಅಲ್ಲ. ದೋಣಿ ಹೋದ ಮೇಲೂ ನೀರು ಕದಡಿಕೊಂಡೇ ಇರುವ ಹಾಗೆ, ದೊಡ್ಡ ವಿಮಾನದ ರೆಕ್ಕೆಯ ತುದಿಗಳಿಂದ ಎರಡು ಸುಳಿಗಾಳಿ ಹೊರಟು ಹಿಂದೆ ಸುತ್ತುತ್ತಿರುತ್ತವೆ. ಕಣ್ಣಿಗೆ ಕಾಣುವುದಿಲ್ಲ. ಚಿಕ್ಕ ವಿಮಾನ ಅದರೊಳಗೆ ಸಿಕ್ಕರೆ ಮಗುಚಿಕೊಳ್ಳಬಹುದು. ಅದಕ್ಕೇ ಭಾರಿ ವಿಮಾನದ ಹಿಂದೆ ಮಧ್ಯಮ ಗಾತ್ರದ್ದಕ್ಕೆ 5 ಮೈಲಿ, ಚಿಕ್ಕದಕ್ಕೆ 6 ಮೈಲಿ ಎಂಬ ಅಂತರ ಬಹಳ ಕಾಲದಿಂದ ಬಂದಿದೆ.

ಇನ್ನು ಕಂಪ್ಯೂಟರ್. 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್ಲಿಂಗನ್ ಮೇಲೆ ಎರಡು ವಿಮಾನ ಡಿಕ್ಕಿಯಾಗಿ 71 ಜನ ಸತ್ತರು. ವಿಮಾನದೊಳಗಿನ ಯಂತ್ರ ಒಂದಕ್ಕೆ "ಏರು", ಇನ್ನೊಂದಕ್ಕೆ "ಇಳಿ" ಎಂದು ಸರಿಯಾಗಿಯೇ ಹೇಳಿತ್ತು. ಏರಬೇಕಾದವರಿಗೆ ಕಂಟ್ರೋಲರ್, ಅಂದರೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವವರು, ಇಳಿಯಲು ಹೇಳಿದ್ದರು, ಅವರು ಆ ಮಾತು ಕೇಳಿದರು. ಸರಿ, ಇಲ್ಲಿ ಯಂತ್ರ ಗೆದ್ದಿತು, ನಿಮಗೊಂದು ಅಂಕ. ಈಗ ಆ ಕಂಟ್ರೋಲರ್ ಕೂತಿದ್ದ ಕೋಣೆಯೊಳಗೆ ಬನ್ನಿ. ಪಾಳಿಯಲ್ಲಿದ್ದದ್ದು ಇಬ್ಬರು. ಒಬ್ಬರು ವಿಶ್ರಾಂತಿಗೆ ಹೋಗಿದ್ದರು, ಅಲ್ಲಿ ಅದು ನಡೆದುಕೊಂಡು ಬಂದ ಪದ್ಧತಿ. ಉಳಿದವರು ಎರಡು ಸ್ಕ್ರೀನ್ ನೋಡಬೇಕು. ರಿಪೇರಿಗೆಂದು ಮುಖ್ಯ ಫೋನ್ ಲೈನ್ ಬಂದ್. ತಡವಾಗಿ ಬಂದ ಇನ್ನೊಂದು ವಿಮಾನವನ್ನು ಇಳಿಸಲು ಪಕ್ಕದ ವಿಮಾನ ನಿಲ್ದಾಣಕ್ಕೆ ಫೋನ್ ಮಾಡುತ್ತಾ ಅವರು ಒದ್ದಾಡುತ್ತಿದ್ದರು. ಇದನ್ನು ಸುಮ್ನೆ ಮನುಷ್ಯನ ತಪ್ಪು ಎಂದು ಬರೆದುಬಿಡುವುದು ಹೇಗೆ?

1991ರಲ್ಲಿ ಲಾಸ್ ಏಂಜಲೀಸ್‌ನಲ್ಲೂ ಇದೇ ಕಥೆ. ಕಂಟ್ರೋಲರ್ ಒಂದು ಚಿಕ್ಕ ವಿಮಾನವನ್ನು ರನ್‌ವೇ ಮೇಲೆ ಕಾಯಲು ಹೇಳಿದ್ದರು. ಅಷ್ಟರಲ್ಲಿ ಬೇರೊಂದು ವಿಮಾನದ ವಿವರ ಬರೆದ ಕಾಗದದ ಪಟ್ಟಿ ಕಾಣಲಿಲ್ಲ. ಅದನ್ನು ಹುಡುಕುವ ಗಡಿಬಿಡಿಯಲ್ಲಿ ರನ್‌ವೇ ಮೇಲಿದ್ದದ್ದು ಮರೆತುಹೋಯಿತು. ಅದೇ ರನ್‌ವೇಗೆ ಬೋಯಿಂಗ್ 737 ಇಳಿಯಲು ಒಪ್ಪಿಗೆ ಕೊಟ್ಟರು. ತನಿಖೆ ಮಾಡಿದವರು ಬೆರಳು ತೋರಿಸಿದ್ದು ಆ ವ್ಯವಸ್ಥೆಯ ಕಡೆಗೆ. ಒಬ್ಬರು ಮರೆತರೆ ಹಿಡಿಯಲು ಇನ್ನೊಂದು ಕೈ ಅಲ್ಲಿರಲಿಲ್ಲ.

ಆ ಇನ್ನೊಂದು ಕೈಯನ್ನೇ ಎಲ್ಲರೂ ಮೊದಲು ಕತ್ತರಿಸುವುದು. ಖರ್ಚು ಕಡಿಮೆ ಮಾಡಿ ಎಂದರೆ ಸಾಕು, ಸುಮ್ಮನೆ ಕೂತಂತೆ ಕಾಣುವವರ ಮೇಲೇ ಕಣ್ಣು. ನಮ್ಮ ಪತ್ರಿಕೆಯಲ್ಲೂ ಅಷ್ಟೇ. ಜಾಹೀರಾತು ವಿಭಾಗದವರಿಗೆ ಪುಟದ ಅಂಚಿನ ಬಿಳಿ ಜಾಗ ಕಂಡರೆ ಹೊಟ್ಟೆ ಉರಿಯುತ್ತದೆ. ಕರಡು ತಿದ್ದಲು ಹಿಂದೆ ಇಬ್ಬರಿದ್ದರು, ಈಗ ಒಬ್ಬರು. ಹೋದ ಸಂಚಿಕೆಯಲ್ಲಿ ಒಂದೇ ಲೇಖನದಲ್ಲಿ ಒಂಬತ್ತು ತಪ್ಪು ತೋರಿಸಿ ಬೈದವರು ನೀವೇ ಅಲ್ವಾ? ಕೈಬರಹ ನೆನಪಿದೆ ನನಗೆ!

ನನ್ನ ಸ್ನೇಹಿತರೊಬ್ಬರು ಟವರಿನಲ್ಲಿ ದುಡಿದು ನಿವೃತ್ತರಾದವರು. "ಗೋ ಅರೌಂಡ್", ಅಂದರೆ ಇಳಿಯದೆ ಮತ್ತೆ ಮೇಲೇರಿ, ಎಂದು ಹೇಳಿದ ಒಂದು ಸಲಕ್ಕೂ ಅವರು ಮರುಗಿಲ್ಲ. ಹೇಳಲು ಒಂದು ಉಸಿರಿನಷ್ಟು ತಡ ಮಾಡಿದ ಒಂದು ಸಂಜೆ ಮಾತ್ರ ಈಗಲೂ ಕನಸಿನಲ್ಲಿ ಬರುತ್ತದಂತೆ. ನಿಮ್ಮ ಪತ್ರವನ್ನು ಅವರಿಗೆ ಓದಿ ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ. ಎಲ್ಲ ಕೇಳಿಸಿಕೊಂಡು, "ಎರಡನೇ ಸಲ ಸರಿಯಾಗಿ ಇಳಿಯಿತಾ?" ಅಂದರು.