ಮಗನ ಎದುರು ಮಾತು ಮತ್ತು ಸ್ಕೂಟರಿನ ಕೀಲಿಕೈ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದವರು, ಸಣ್ಣ ಅಡಿಕೆ ತೋಟವಿದೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಚೆನ್ನಾಗಿಯೇ ಓದಿದ ಮಗ ಪ್ಲಸ್ ವನ್ (ಹನ್ನೊಂದನೆಯ ತರಗತಿ) ವಿಜ್ಞಾನಕ್ಕೆ ಸೇರಿದ ಮೇಲೆ ಬದಲಾಗಿದ್ದಾನೆ. ಈಗ 16 ವರ್ಷ. ಏನು ಹೇಳಿದರೂ ಎದುರು ಮಾತು. ಶಾಲೆಯಿಂದ ಬಂದವನೇ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾನೆ, ನಡುರಾತ್ರಿಯಾದರೂ ಮೊಬೈಲ್ ಬಿಡುವುದಿಲ್ಲ. ಹೇಳದೆ ಕೇಳದೆ ಸ್ಕೂಟರ್ ಒಯ್ಯುತ್ತಾನೆ. ಕಳೆದ ವಾರ ಅವನ ಅಪ್ಪ ಕೈ ಮಾಡಿದರು. ಅಂದಿನಿಂದ ಅಪ್ಪ–ಮಗನಿಗೆ ಮಾತಿಲ್ಲ. ಅಜ್ಜಿ ಮೊಮ್ಮಗನ ಪಕ್ಷ. ನಾನೇನು ಮಾಡಲಿ?

ಉತ್ತರ: ಎಲ್ಲ ದೂರುಗಳಿಗೂ ನೀವು ಒಂದೇ ತೂಕ ಕೊಟ್ಟಿದ್ದೀರಿ. ಬಾಗಿಲು ಹಾಕಿಕೊಳ್ಳುವುದು ಈ ವಯಸ್ಸಿಗೆ ಸಹಜ. ಎದುರು ಮಾತು ಕೇಳಲು ಕಹಿ, ಅಷ್ಟೇ. ಸ್ಕೂಟರ್ ಮಾತ್ರ ಅಪಾಯ. ಅಲ್ಲಿ ರಾಜಿ ಬೇಡ.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, 18 ತುಂಬದ ಹುಡುಗ ಸ್ಕೂಟರ್ ಓಡಿಸಿ ಸಿಕ್ಕಿಬಿದ್ದರೆ ಹೆತ್ತವರಿಗೆ ಅಥವಾ ಮಾಲಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಜೈಲು. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಈ ಕೊನೆಯದನ್ನು ಅವನಿಗೆ ತಣ್ಣಗೆ ಹೇಳಿ. ನಮ್ಮ ಉಪದೇಶಕ್ಕಿಂತ ಚೆನ್ನಾಗಿ ನಾಟುತ್ತದೆ. ಕೀಲಿಕೈ ಜಗಲಿಯ ಮೊಳೆಯಲ್ಲಿ ನೇತಾಡುತ್ತಿದ್ದರೆ ಇಂದೇ ತೆಗೆದಿಡಿ.

ಇನ್ನು, ನೀವು ಹಾಗೆಯೇ ದಾಟಿಹೋದ ಒಂದು ಸಂಗತಿ: ಪ್ಲಸ್ ವನ್. ಹತ್ತರವರೆಗೆ ಬೆಳಕಿನ ವಕ್ರೀಭವನವನ್ನೂ ಬೀಜಗಣಿತವನ್ನೂ ಕನ್ನಡದಲ್ಲಿ ಕಲಿತವನ ಕೈಯಲ್ಲಿ ಈಗ ಇಂಗ್ಲಿಷ್ ಪುಸ್ತಕವಿದೆ. ವಿವರಣೆ ಅನೇಕ ಕಡೆ ಮಲಯಾಳದಲ್ಲಿ. ನಮ್ಮ ಗಡಿನಾಡಿನ ಮಕ್ಕಳಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಅರ್ಥವಾಗಲಿಲ್ಲ ಎಂದು ತರಗತಿಯಲ್ಲಿ ಎದ್ದು ನಿಂತು ಕೇಳಲು ನಾಚಿಕೆ. ಅಂಕ ಇಳಿಯುತ್ತದೆ. ಮನೆಯಲ್ಲಿ ಹೇಳಿದರೆ "ಮೊಬೈಲ್ ನೋಡುತ್ತ ಕುಳಿತರೆ ಇನ್ನೇನಾಗುತ್ತದೆ" ಎಂಬ ಮಾತು ಕಾದಿರುತ್ತದೆ. ದಡ್ಡ ಎನಿಸಿಕೊಳ್ಳುವುದಕ್ಕಿಂತ ಉದ್ಧಟ ಎನಿಸಿಕೊಳ್ಳುವುದು ಹದಿನಾರರ ಹುಡುಗನಿಗೆ ಹಗುರ. ನಿಮ್ಮ ಮಗನ ಕಥೆಯೂ ಇದೇ ಎಂದು ಪತ್ರ ನೋಡಿ ತೀರ್ಮಾನಿಸಲಾರೆ, ಕೇಳಿ ತಿಳಿಯಬೇಕು. "ಯಾಕೆ ಓದುವುದಿಲ್ಲ" ಎಂದು ಕೇಳಬೇಡಿ, "ಯಾವ ಪಾಠ ತಲೆಗೆ ಹತ್ತುವುದಿಲ್ಲ" ಎಂದು ಕೇಳಿ. ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದರೆ ಬಾಯಿ ಬಿಡಲಾರ. ತೋಟದಲ್ಲಿ ಜೊತೆಯಾಗಿ ಅಡಿಕೆ ಹೆಕ್ಕುವಾಗ, ಅವನ ಮುಖ ನೋಡದೆ ಕೇಳಿ. ಹೌದೆಂದರೆ, ಅದೇ ದಾರಿಯಲ್ಲಿ ಹೋದ ಹಿರಿಯ ವಿದ್ಯಾರ್ಥಿಯೊಬ್ಬನನ್ನು ವಾರಕ್ಕೆರಡು ಸಂಜೆ ಪಾಠಕ್ಕೆ ಕರೆಸಿ. ಟ್ಯೂಷನ್ ಕೇಂದ್ರಕ್ಕೆ ತಳ್ಳುವ ಅವಸರ ಬೇಡ.

ಅಪ್ಪ ಕೈ ಮಾಡಿದ್ದು ತಪ್ಪು. "ಹೊಡೆಯಬಾರದಿತ್ತು" ಎಂದು ಅವರೇ ಹೇಳಬೇಕು, "ಆದರೆ ನೀನೂ..." ಎಂದು ಮುಂದುವರಿಸದೆ. ಅವರ ಪರವಾಗಿ ನೀವು ಹೇಳಿದರೆ ನಡೆಯದು. ಅಜ್ಜಿ ಪಕ್ಷ ವಹಿಸಲಿ ಬಿಡಿ, ಮನೆಯಲ್ಲಿ ಅವನು ಮನಬಿಚ್ಚಿ ಮಾತನಾಡಲು ಒಬ್ಬರಾದರೂ ಬೇಕಲ್ಲ. ಸ್ಕೂಟರ್ ವಿಷಯದಲ್ಲಿ ಮಾತ್ರ ಹಿರಿಯರು ಮೂವರದೂ ಒಂದೇ ಮಾತಾಗಿರಲಿ.

ಈ ವಯಸ್ಸಿನಲ್ಲಿ ನಿದ್ದೆ ತಡವಾಗಿ ಹತ್ತುವುದು ದೇಹದ ಗುಣ, ಆದರೂ ಎಂಟು ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಹತ್ತೂವರೆಗೆ ಎಲ್ಲರ ಮೊಬೈಲ್ ಚಾವಡಿಯಲ್ಲಿರಲಿ, ನಿಮ್ಮದೂ ಅವನ ಅಪ್ಪನದೂ ಸೇರಿ.

ಊಟ ಬಿಡುವುದು, ಶಾಲೆ ತಪ್ಪಿಸುವುದು, ಹಣ ಕಾಣೆಯಾಗುವುದು, ಅಮಲಿನ ಗುಮಾನಿ, ಬದುಕೇ ಬೇಡವೆಂಬ ಮಾತು: ಇವುಗಳಲ್ಲಿ ಒಂದು ಕಂಡರೂ ಕಾಯಬೇಡಿ. ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ಅವರನ್ನು ಕಾಣಿ, ಇಲ್ಲವೇ ಮನೋವೈದ್ಯರ ಬಳಿಗೆ ಹೋಗಿ. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತ, ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ. ಅವನು ಮಾತನಾಡಲು ಒಪ್ಪದಿದ್ದರೆ ನೀವೇ ಕರೆ ಮಾಡಿ.