ಕ್ಲಿಕ್ ಎಣಿಸಿ ಸಸ್ಪೆನ್ಷನ್ ಕೊಳ್ಳಬೇಡಿ

ಪ್ರಶ್ನೆ: ನಮಸ್ಕಾರ ಸರ್. ಊರು ದಾವಣಗೆರೆ, ಕೆಲಸದ ಮೇಲೆ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇನೆ. ನನ್ನದು ನಾಲ್ಕನೇ ತಲೆಮಾರಿನ ಮಜ್ದಾ ಎಂಎಕ್ಸ್-5, ಎರಡು ಲೀಟರ್ ಎಂಜಿನ್. 80 ಸಾವಿರ ಕಿ.ಮೀ. ಓಡಿದೆ, ಶಾಕ್ ಅಬ್ಸಾರ್ಬರ್‌ಗಳು ಸೋತಿವೆ. ವಾರವೆಲ್ಲ ಆಫೀಸಿಗೆ ಇದೇ ಕಾರು. ವರ್ಷಕ್ಕೆ ಮೂರ್ನಾಲ್ಕು ಸಲ ಹಾಕೆನ್‌ಹೈಮ್ ರೇಸ್ ಟ್ರ್ಯಾಕ್‌ಗೆ, ಒಂದೆರಡು ಸಲ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್‌ಗೆ ಹೋಗುತ್ತೇನೆ. ಹೊಂದಿಸಿಕೊಳ್ಳಬಹುದಾದ ಕಾಯಿಲೋವರ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗಿರುವ ಕಿಟ್) ಹಾಕಿಸುವ ಯೋಚನೆ ಇದೆ. ಎತ್ತರ ಮಾತ್ರ ಬದಲಾಯಿಸುವಂಥದ್ದು, ಬಿಗಿ ಹೊಂದಿಸಲು ಒಂದು ನಾಬ್ ಇರುವುದು, ಎರಡು ನಾಬ್‌ನದು, ಅರ್ಧ ಬೆಲೆಗೆ ನಾಬ್ 32 ಕ್ಲಿಕ್ (ಹಂತ) ತಿರುಗುವುದು ಎಂದು ನಾಲ್ಕು ಬಗೆ ನೋಡಿಟ್ಟಿದ್ದೇನೆ. ಗೆಳೆಯನ ಟೊಯೋಟಾ ಜಿಟಿ86ಗೆ ಮುಂದೆ 6 ಕೆ.ಜಿ. ಸ್ಪ್ರಿಂಗ್ ಹಾಕಿಸಿದ್ದಾನೆ, ಅದರಲ್ಲಿ ಕೂತರೆ ಬೆನ್ನು ನೋಯುತ್ತದೆ. ನಾನು ನೋಡಿದ ಕಿಟ್‌ನಲ್ಲೂ ಮುಂದೆ 6 ಕೆ.ಜಿ. ಸ್ಪ್ರಿಂಗೇ ಇದೆ. ಯಾವುದನ್ನು ತೆಗೆದುಕೊಳ್ಳಲಿ? ಎಷ್ಟು ಇಳಿಸಲಿ?

ಉತ್ತರ: ಗೆಳೆಯರ ಕಾರಿನಿಂದಲೇ ಶುರು ಮಾಡೋಣ. ಹೆಚ್ಚಿನವರು ಎಡವುವುದು ಅಲ್ಲೇ. 6 ಕೆ.ಜಿ. ಸ್ಪ್ರಿಂಗ್ ಅಂದರೆ ಅದನ್ನು ಒಂದು ಮಿಲಿಮೀಟರ್ ಒತ್ತಲು 6 ಕೆ.ಜಿ. ಭಾರ ಬೇಕು ಎಂದರ್ಥ. ಆದರೆ ಚಕ್ರಕ್ಕೆ ತಟ್ಟುವ ಬಿಗಿ ಅದಲ್ಲ. ನಿಮ್ಮ ಕಾರಿನ ಮುಂಭಾಗದಲ್ಲಿರುವುದು ಡಬಲ್ ವಿಷ್‌ಬೋನ್, ಅಂದರೆ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿರುವ ಜೋಡಣೆ. ಅಲ್ಲಿ ಸ್ಪ್ರಿಂಗ್ ಕೂರುವುದು ಚಕ್ರದ ಬಳಿಯಲ್ಲಲ್ಲ, ಕೆಳಗಿನ ತೋಳಿನ ಮಧ್ಯದಲ್ಲಿ. ಹಾಗಾಗಿ ತೋಳು ಸನ್ನೆಗೋಲಿನಂತೆ ಕೆಲಸ ಮಾಡುತ್ತದೆ. ಚಕ್ರ 10 ಮಿ.ಮೀ. ಎದ್ದರೆ ಸ್ಪ್ರಿಂಗ್ ಸುಮಾರು 7 ಮಿ.ಮೀ. ಮಾತ್ರ ಕುಗ್ಗುತ್ತದೆ ಎಂದಿಟ್ಟುಕೊಳ್ಳಿ. ಸನ್ನೆಗೋಲಿನಲ್ಲಿ ಚಲನೆಯೂ ಕಡಿಮೆ, ಬಲವೂ ಕಡಿಮೆ, ಆದ್ದರಿಂದ 0.7 ಅನ್ನು ಎರಡು ಸಲ ಗುಣಿಸಬೇಕು. 6 ಕೆ.ಜಿ. ಸ್ಪ್ರಿಂಗ್ ಚಕ್ರದ ಬಳಿ ಬರುವ ಹೊತ್ತಿಗೆ 3 ಕೆ.ಜಿ.ಗಿಂತ ಸ್ವಲ್ಪ ಕಡಿಮೆಯಾಗಿರುತ್ತದೆ. ಜಿಟಿ86ರ ಮುಂದೆ ಇರುವುದು ಸ್ಟ್ರಟ್, ಅಂದರೆ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ಚಕ್ರದ ಬಳಿಯೇ ನಿಲ್ಲುವ ಜೋಡಣೆ. ಅಲ್ಲಿ ಸ್ಪ್ರಿಂಗ್ ಬಹುತೇಕ ಚಕ್ರದಷ್ಟೇ ಚಲಿಸುವುದರಿಂದ ಅದೇ 6 ಕೆ.ಜಿ. ಐದಕ್ಕೂ ಮಿಕ್ಕಿ ಉಳಿಯುತ್ತದೆ. ಡಬ್ಬದ ಮೇಲಿನ ಅಂಕಿ ಒಂದೇ ಆದರೂ ಚಕ್ರದ ಬಳಿ ಹೆಚ್ಚುಕಡಿಮೆ ದುಪ್ಪಟ್ಟು ವ್ಯತ್ಯಾಸ. ಗೆಳೆಯರ ಕಾರಿನ ಬೆನ್ನುನೋವು ನಿಮ್ಮ ಕಾರಿಗೆ ಬರುವುದಿಲ್ಲ.

ಇದನ್ನೇ ಇನ್ನೊಂದು ಬಗೆಯಲ್ಲಿ ಲೆಕ್ಕ ಹಾಕಬಹುದು. ಕಾರಿನ ಮೈ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನುವುದನ್ನು ನೋಡಬೇಕು. ಆರಾಮದ ಕಾರುಗಳಲ್ಲಿ ಇದು ಒಂದರ ಆಸುಪಾಸು, ರಸ್ತೆಯ ಸ್ಪೋರ್ಟ್ಸ್ ಕಾರುಗಳಲ್ಲಿ ಒಂದೂವರೆಯಿಂದ ಎರಡರೊಳಗೆ, ಟ್ರ್ಯಾಕ್‌ಗೇ ಕಟ್ಟಿದವುಗಳಲ್ಲಿ ಎರಡರ ಮೇಲೆ. ನೀವು ಕೂತಾಗ ನಿಮ್ಮ ಕಾರಿನ ಒಂದೊಂದು ಮೂಲೆಯ ಸ್ಪ್ರಿಂಗ್ ಹೊರುವ ಭಾರ ಸುಮಾರು 255 ಕೆ.ಜಿ. ಎಂದಿಟ್ಟುಕೊಂಡರೆ 6 ಕೆ.ಜಿ. ಸ್ಪ್ರಿಂಗ್ 1.7ರ ಹತ್ತಿರ ನಿಲ್ಲುತ್ತದೆ. ಆಫೀಸಿಗೂ ಹಾಕೆನ್‌ಹೈಮ್‌ಗೂ ಒಂದೇ ಕಾರು ಅಂದಾಗ ನಾನು ಹುಡುಕುವುದು ಇದೇ ಜಾಗವನ್ನು. 10 ಕೆ.ಜಿ.ಯದು ಹಾಕಿದರೆ 2.2ರ ಹತ್ತಿರ ಹೋಗುತ್ತದೆ. ಅದು ಬೇಡ.

ಈಗ ನಾಬ್‌ಗಳ ವಿಚಾರ. ಕಾರಿನ ಭಾರ ಹೊರುವುದು ಸ್ಪ್ರಿಂಗ್, ಅದರ ತೂಗಾಟ ತಡೆಯುವುದು ಡ್ಯಾಂಪರ್, ಅಂದರೆ ಶಾಕ್ ಅಬ್ಸಾರ್ಬರ್. ಡ್ಯಾಂಪರ್ ಕುಗ್ಗುವಾಗ ತೋರುವ ತಡೆ ಕಂಪ್ರೆಷನ್, ಹಿಗ್ಗುವಾಗಿನದು ರಿಬೌಂಡ್. ನೀವೀಗ ಇರುವ ಸ್ಟುಟ್‌ಗಾರ್ಟ್‌ಗೆ ದೂರವಲ್ಲದ ಫಿಕ್ಟೆನ್‌ಬರ್ಗ್‌ನ ಕೆಡಬ್ಲ್ಯು ಕಂಪನಿಯ ಸರಣಿ ನೋಡಿದರೆ ಇದು ಸಲೀಸಾಗಿ ತಿಳಿಯುತ್ತದೆ. ವೇರಿಯಂಟ್ 1ರಲ್ಲಿ ಎತ್ತರ ಮಾತ್ರ ಬದಲಾಗುತ್ತದೆ, 2ರಲ್ಲಿ ರಿಬೌಂಡ್ ಕೂಡ, 3ರಲ್ಲಿ ರಿಬೌಂಡ್ ಮತ್ತು ಕಂಪ್ರೆಷನ್ ಬೇರೆಬೇರೆಯಾಗಿ. ಬಿಲ್‌ಸ್ಟೈನ್‌ನಲ್ಲಿ ಬಿ14ಕ್ಕೆ ಎತ್ತರ ಮಾತ್ರ. ಬಿ16ರಲ್ಲಿ ಎರಡೂ ತಡೆಗಳನ್ನು ಒಟ್ಟಿಗೆ ತಿರುಗಿಸುವ ಒಂದು ನಾಬ್ ಇದೆ.

ನಿಮಗೆ ನಾನು ಹೇಳುವುದು ಒಂದು ನಾಬ್‌ನದು. ಎರಡು ನಾಬ್‌ನದು ಖಂಡಿತ ಒಳ್ಳೆಯದೇ. ಆದರೆ ಒಂದೇ ತಿರುವಿನಲ್ಲಿ ಮತ್ತೆಮತ್ತೆ ಓಡಿಸಿ, ಒಂದನ್ನು ಬದಲಿಸಿ ಇನ್ನೊಂದನ್ನು ಹಾಗೇ ಇಟ್ಟು, ಪುಸ್ತಕದಲ್ಲಿ ಬರೆದುಕೊಳ್ಳುವ ತಾಳ್ಮೆ ಇದ್ದವರಿಗೆ ಮಾತ್ರ ಅದರ ಬೆಲೆ ಹುಟ್ಟುತ್ತದೆ. ವರ್ಷಕ್ಕೆ ಐದು ದಿನದ ಟ್ರ್ಯಾಕ್‌ನಲ್ಲಿ ಆ ಅಭ್ಯಾಸ ಕೂಡಿಬರುವುದು ಕಷ್ಟ. ಎರಡು ನಾಬ್ ತಪ್ಪಾಗಿ ನಿಂತ ಕಾರಿಗಿಂತ ಕಾರ್ಖಾನೆಯಲ್ಲೇ ಸರಿಯಾಗಿ ಕಟ್ಟಿ ಕಳಿಸಿದ ಬಿ14ರಂಥದ್ದು ಎಷ್ಟೋ ಮೇಲು.

ಅರ್ಧ ಬೆಲೆಯ 32 ಕ್ಲಿಕ್‌ನದನ್ನು ಬಿಟ್ಟುಬಿಡಿ. ಅಂಥದ್ದೊಂದನ್ನು ಡ್ಯಾಂಪರ್ ಪರೀಕ್ಷಿಸುವ ಡೈನೋ ಮೇಲೆ ಕಟ್ಟಿ ನೋಡಿದ್ದೇನೆ. ಮೊದಲ ಆರೇಳು ಕ್ಲಿಕ್‌ಗಳಲ್ಲೇ ಬದಲಾವಣೆಯೆಲ್ಲ ಮುಗಿದುಹೋಯಿತು. ಉಳಿದ ಇಪ್ಪತ್ತೈದಕ್ಕೂ ಪರದೆಯ ಮೇಲಿನ ಗೆರೆ ಒಂದರ ಮೇಲೊಂದು ಕೂತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಎಡದ ಡ್ಯಾಂಪರ್‌ನ 10ನೇ ಕ್ಲಿಕ್ಕಿಗೂ ಬಲದ 10ನೇ ಕ್ಲಿಕ್ಕಿಗೂ ತಾಳೆಯೇ ಇರಲಿಲ್ಲ. ಅಂಥ ಕಾರು ಎಡಕ್ಕೆ ಒಂದು ಥರ, ಬಲಕ್ಕೆ ಒಂದು ಥರ ತಿರುಗುತ್ತದೆ, ಓಡಿಸುವವರು ತಮ್ಮ ಕೈಯನ್ನೇ ದೂರಿಕೊಳ್ಳುತ್ತಾರೆ. ಮಾರುವವರ ಬಳಿ ಡೈನೋ ಗ್ರಾಫ್ ಕೇಳಿ. ಬಿಡಿಭಾಗ ಸಿಗುತ್ತದೆಯೇ, ಸೋರಿದಾಗ ಬಿಚ್ಚಿ ರಿಪೇರಿ ಮಾಡಿಕೊಡುತ್ತಾರೆಯೇ ಎಂದೂ ಕೇಳಿ. ಈ ಎರಡಕ್ಕೂ ನೇರ ಉತ್ತರ ಬಾರದ ಅಂಗಡಿಯಲ್ಲಿ ಕೊಳ್ಳಬೇಡಿ.

ಎತ್ತರವನ್ನು ಸುಮ್ಮನೆ 20 ಮಿ.ಮೀ. ಇಳಿಸಿ, ತೀರಾ ಅಂದರೆ 25. ಚಕ್ರದ ಕಮಾನಿನ ಸಂದು ಮುಚ್ಚಬೇಕೆಂಬ ಆಸೆ ನನಗೂ ಅರ್ಥವಾಗುತ್ತದೆ. ಆದರೆ ಇಳಿಸಿದ ಒಂದೊಂದು ಮಿಲಿಮೀಟರೂ ಚಕ್ರ ಮೇಲೇಳುವ ಜಾಗದಿಂದಲೇ ಕಡಿತವಾಗುತ್ತದೆ. ಜಾಗ ತೀರಿದಾಗ ಬಂಪ್ ಸ್ಟಾಪ್ ರಬ್ಬರ್ ತಗಲುತ್ತದೆ, ಆ ಕ್ಷಣಕ್ಕೆ ಸ್ಪ್ರಿಂಗ್‌ನ ಬಿಗಿ ಹಲವು ಪಟ್ಟಾದಂತೆ ಕಾರು ವರ್ತಿಸುತ್ತದೆ, ತಿರುವಿನ ನಡುವೆ ಟೈರ್ ಜಾರುತ್ತದೆ. ಹಾಕೆನ್‌ಹೈಮ್ ನುಣುಪಾದ ಟ್ರ್ಯಾಕ್, ಅಲ್ಲಿ ಇದು ಗೊತ್ತೇ ಆಗದೆ ಇರಬಹುದು. ನ್ಯೂರ್ಬರ್ಗ್‌ರಿಂಗ್‌ನ 20.8 ಕಿ.ಮೀ. ಉದ್ದದ ಹಳೆಯ ಟ್ರ್ಯಾಕ್ ನೋರ್ಡ್‌ಶ್ಲೈಫೆಯಲ್ಲಿ ಹಾಗಲ್ಲ. ಫುಕ್ಸ್‌ರೋರೆಯ ತಗ್ಗಿನಲ್ಲಿ ಕಾರು ನೆಲಕ್ಕೆ ಕುಸಿಯುತ್ತದೆ, ಫ್ಲಾನ್ಸ್‌ಗಾರ್ಟನ್‌ನಲ್ಲಿ ಚಕ್ರ ಹಗುರಾಗಿ ಮೇಲೇಳುತ್ತದೆ, ಕರುಸೆಲ್‌ನ ಕಾಂಕ್ರೀಟ್ ಚಪ್ಪಡಿಗಳು ಹಲ್ಲು ಕಟಕಟಿಸುವಂತೆ ಬಡಿಯುತ್ತವೆ. ಹಾಕೆನ್‌ಹೈಮ್‌ಗೆ ಬಿಗಿ ಮಾಡಿದ್ದನ್ನು ಅಲ್ಲಿಗೆ ಹೋಗುವ ಮುನ್ನ ಎರಡು ಮೂರು ಕ್ಲಿಕ್ ಸಡಿಲಿಸಿ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ರಿಬೌಂಡ್ ಅತಿಯಾದರೆ ಒಂದು ಉಬ್ಬು ದಾಟಿದ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ. ಹೀಗೆ ನಾಲ್ಕೈದು ಸಲ ಆಗುವಷ್ಟರಲ್ಲಿ ಕಾರಿನ ಮೈ ಮೆಲ್ಲಗೆ ಕುಗ್ಗಿ ಬಂಪ್ ಸ್ಟಾಪ್ ಮೇಲೆ ಕೂತುಬಿಡುತ್ತದೆ. ಸ್ಪ್ರಿಂಗ್ ಗಟ್ಟಿಯಾಯಿತೆಂದು ಜನ ಬೈಯುವುದು ಬಹಳ ಸಲ ಇದನ್ನೇ.

ಅದನ್ನು ಕಣ್ಣಾರೆ ನೋಡಲು ಒಂದು ದಾರಿ. ಡ್ಯಾಂಪರ್‌ನ ಹೊಳೆಯುವ ರಾಡ್‌ಗೆ ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ ಕೆಳಗಿನವರೆಗೆ ತಳ್ಳಿಡಿ. ಟ್ರ್ಯಾಕ್ ಮುಗಿಸಿ ಬಂದು ನೋಡಿದರೆ ಅದು ಎಲ್ಲಿಯವರೆಗೆ ಏರಿದೆಯೋ ಅಷ್ಟು ಜಾಗ ಬಳಕೆಯಾಗಿದೆ. ರಾಡ್ ಕೆಳಮುಖವಾಗಿ ಒಳಗೆ ಅಡಗಿರುವ ವಿನ್ಯಾಸಗಳಲ್ಲಿ ಮಾತ್ರ ಇದು ಆಗದು.

ಕೂರಿಸುವಾಗ ಒಂದು ತಪ್ಪು ಆಗದಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳಿ. ಕಾರು ಲಿಫ್ಟ್ ಮೇಲೆ, ಚಕ್ರ ಜೋತುಬಿದ್ದಿರುವಾಗಲೇ ತೋಳುಗಳ ರಬ್ಬರ್ ಬುಷ್ ಬೋಲ್ಟ್‌ಗಳನ್ನು ಪೂರ್ತಿ ಬಿಗಿದುಬಿಡುತ್ತಾರೆ. ಕಾರು ನೆಲಕ್ಕಿಳಿದಾಗ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಎತ್ತರ ತಪ್ಪು ತೋರಿಸುತ್ತದೆ, ಒಂದೆರಡು ಚಳಿಗಾಲದಲ್ಲಿ ಬುಷ್ ಹರಿಯುತ್ತದೆ. ಸ್ವಂತ ಕಾರಿನಲ್ಲಿ ನನ್ನ ಕೈಯಿಂದಲೇ ಈ ತಪ್ಪು ಆಗಿ ನಾಲ್ಕು ಬುಷ್ ಕಳೆದುಕೊಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಚಕ್ರದ ಮೇಲೆ ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ. ಎತ್ತರವನ್ನು ನೆಲದಿಂದ ಅಳೆಯಬೇಡಿ, ಚಕ್ರದ ನಡುಬಿಂದುವಿನಿಂದ ಕಮಾನಿನ ಅಂಚಿಗೆ ಅಳೆಯಿರಿ. ಇನ್ನೂರು ಮುನ್ನೂರು ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಅಳೆದು, ಆಮೇಲೆ ವೀಲ್ ಅಲೈನ್‌ಮೆಂಟ್. ಅದಕ್ಕೆ ಬೇಕಾದ ಹಣವನ್ನು ಕಿಟ್ ಕೊಳ್ಳುವಾಗಲೇ ಎತ್ತಿಡಿ. ಟೈರ್ ಸವೆದಿದ್ದರೆ ಮೊದಲು ಟೈರ್.

ಜರ್ಮನಿಯಲ್ಲಿರುವುದರಿಂದ ಕಾಗದಪತ್ರವೂ ಮುಖ್ಯ. ಕಿಟ್ ಜೊತೆ ಟೈಲೆಗುಟಾಖ್ಟೆನ್ (ಬಿಡಿಭಾಗದ ಪರೀಕ್ಷಾ ವರದಿ) ಅಥವಾ ಅಂಥದ್ದೇ ಮಾನ್ಯ ಪತ್ರ ಇದೆಯೇ, ಅದರಲ್ಲಿ ನಿಮ್ಮ ಮಾದರಿಯ ಹೆಸರಿದೆಯೇ ನೋಡಿ. ಎಷ್ಟು ಇಳಿಸಬಹುದೆಂಬ ಮಿತಿಯೂ ಅದರಲ್ಲೇ ಇರುತ್ತದೆ. ಕೂರಿಸಿದ ಕೂಡಲೇ ಟ್ಯೂಫ್‌ನಂಥ ಮಾನ್ಯತೆ ಪಡೆದ ಪರೀಕ್ಷಕರಿಗೆ ತೋರಿಸಿ ಒಪ್ಪಿಗೆ ಪಡೆಯಿರಿ, ಹೆಡ್‌ಲೈಟ್‌ನ ಮಟ್ಟವನ್ನೂ ಸರಿಪಡಿಸಿಕೊಳ್ಳಿ. ನೋರ್ಡ್‌ಶ್ಲೈಫೆಯ ಪ್ರವಾಸಿ ಓಟದ ದಿನಗಳಲ್ಲೂ ಸಾರ್ವಜನಿಕ ರಸ್ತೆಯ ನಿಯಮಗಳೇ ನಡೆಯುತ್ತವೆ. ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪು ಎತ್ತರ ಹೊಂದಿಸುವ ತಿರುಪಿನ ಥ್ರೆಡ್‌ಗಳೊಳಗೆ ಕೂತರೆ ಮಾರನೇ ವರ್ಷ ಅದರ ಮೇಲಿನ ರಿಂಗ್ ಅಲುಗಾಡುವುದಿಲ್ಲ. ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯದು ಸಿಕ್ಕರೆ ಅದನ್ನೇ ಆರಿಸಿ. ಇಲ್ಲದಿದ್ದರೆ ನವೆಂಬರ್‌ಗೆ ಮೊದಲು ಬ್ರಷ್‌ನಿಂದ ಥ್ರೆಡ್ ತೊಳೆದು ತುಕ್ಕು ತಡೆಯುವ ಮೇಣ ಸವರಿ.

ಪ್ರಶ್ನೆ: ಬೆಂಗಳೂರಿನಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಇದೆ. ಇಂಥದ್ದೇ ಕಾಯಿಲೋವರ್ ಹಾಕಿಸಿ ಸ್ವಲ್ಪ ಇಳಿಸೋಣವೇ ಸರ್?

ಉತ್ತರ: ಬೇಡ. ನಿಮ್ಮ ದಾರಿಯ ಹಂಪ್ ಮತ್ತು ಗುಂಡಿಗಳಿಗೆ ಈಗಿರುವ ಎತ್ತರವೇ ಬೇಕು. ಮೂಲ ಅಳತೆಯ ಸ್ಪ್ರಿಂಗ್‌ಗೆ ಹೊಂದುವ ಒಳ್ಳೆಯ ಡ್ಯಾಂಪರ್, ಹೊಸ ಮೇಲಿನ ಮೌಂಟ್, ಹೊಸ ಬುಷ್ ಹಾಕಿಸಿ. ಕಾರು ಅರ್ಧ ವಯಸ್ಸಾದಂತೆ ಓಡುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನ ಬದಲಾಯಿಸುವುದನ್ನು ತಡೆಯುತ್ತದೆ, ಅಪಘಾತದ ನಂತರ ವಿಮೆಯವರು ಕೇಳುವ ಪ್ರಶ್ನೆಗಳೂ ಅಲ್ಲಿಂದಲೇ ಹುಟ್ಟುತ್ತವೆ. ಏನೇ ಬದಲಾಯಿಸಿದರೂ ಮೊದಲು ವಿಮಾ ಕಂಪನಿಗೆ ಬರೆದು ತಿಳಿಸಿ. ಮೂಲ ಡ್ಯಾಂಪರ್‌ಗಳನ್ನು ಗುಜರಿಗೆ ಕೊಡಬೇಡಿ, ಕಾರು ಮಾರುವಾಗ ಬೇಕಾಗುತ್ತವೆ.