ದಿನಾ ಸಾವು ನೋಡುವ ಕ್ಯಾನ್ಸರ್ ವೈದ್ಯರು ಹೇಗೆ ತಡೆದುಕೊಳ್ಳುತ್ತಾರೆ?

ನಿಮ್ಮ ತಂಗಿ ಆಂಕಾಲಜಿ, ಅಂದರೆ ಕ್ಯಾನ್ಸರ್ ವೈದ್ಯಶಾಸ್ತ್ರ, ಓದಬೇಕೆಂದಿದ್ದಾರೆ, ದಿನಾ ಸಾವು ನೋಡಿ ಮನಸ್ಸು ಕುಗ್ಗಿದರೆ ಏನು ಗತಿ ಎಂದು ಕೇಳಿದ್ದೀರಿ. ನಾನು ಮೆಡಿಕಲ್ ಆಂಕಾಲಜಿಸ್ಟ್, ಔಷಧಿಗಳಿಂದ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುವುದು ನನ್ನ ಕೆಲಸ. ನನ್ನ ಅನುಭವದಲ್ಲಿ ನಮ್ಮನ್ನು ಹೆಚ್ಚು ಹಣ್ಣು ಮಾಡುವುದು ಸಾವಲ್ಲ. ಸಂಕಟ ಆಗುತ್ತದೆ, ನಿಜ. ಕೆಲವು ಮುಖಗಳು ಮನಸ್ಸಿನಿಂದ ಹೋಗುವುದೇ ಇಲ್ಲ. ಆದರೆ ನೋವು ಕಡಿಮೆ ಮಾಡಿದೆವು, ಮನೆಯವರ ಜೊತೆ ಕೂತು ಮಾತಾಡಿದೆವು ಅನ್ನುವ ಸಮಾಧಾನ ಇದ್ದರೆ ಮಾರನೇ ದಿನ ಕೆಲಸಕ್ಕೆ ಹೋಗುವ ಮನಸ್ಸಾಗುತ್ತದೆ. ಹಾಗೆ ಕೂತು ಮಾತಾಡುವ ಹೊತ್ತೇ ಸಿಗದಿದ್ದರೆ ಒಳಗೊಳಗೇ ಸವೆಯುತ್ತೇವೆ.

ಸ್ಕ್ಯಾನ್‌ನಲ್ಲಿ ರೋಗ ಲಿವರ್‌ಗೆ ಹರಡಿರುವುದು ಕಂಡಿದೆ ಎಂದುಕೊಳ್ಳಿ. ಎದುರಿಗೆ ಗಂಡ ಹೆಂಡತಿ ಕೂತಿದ್ದಾರೆ. ಕೆಟ್ಟ ಸುದ್ದಿ ತಿಳಿಸಲು ಸ್ಪೈಕ್ಸ್ ಎಂಬ ಆರು ಹಂತದ ಕ್ರಮವಿದೆ, 2000ದಲ್ಲಿ ಪ್ರಕಟವಾದದ್ದು. ಅದರ ಮೊದಲ ಹಂತವೇ ಯಾರೂ ಅಡ್ಡ ಬರದ ಜಾಗ ಮಾಡಿಕೊಳ್ಳುವುದು. ಇಲ್ಲಿ ನೋಡಿದರೆ ಸಹಿ ಬೇಕೆಂದು ಯಾರೋ ಬಾಗಿಲು ತೆಗೆಯುತ್ತಾರೆ, ಫೋನ್ ಬಡಿದುಕೊಳ್ಳುತ್ತದೆ. ಆಕೆ ರಿಪೋರ್ಟನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಾ "ಹಾಗಾದ್ರೆ ಕೀಮೋ ಕೆಲಸ ಮಾಡ್ಲಿಲ್ವಾ ಡಾಕ್ಟ್ರೇ?" ಅನ್ನುತ್ತಾರೆ. ಇದಕ್ಕೆ ಉತ್ತರ ಕೊಡಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಮುಂದಿನ ರೋಗಿಯ ಕೀಮೋ ಡೋಸ್ ಬರೆಯಬೇಕು: ಎತ್ತರ, ತೂಕ, ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್, ಬಿಳಿ ರಕ್ತಕಣಗಳ ಸಂಖ್ಯೆ ಎಲ್ಲ ನೋಡಿ. ಅಲ್ಲಿ ಕೈ ತಪ್ಪುವಂತಿಲ್ಲ.

ಹೀಗೆ ಕೆಲಸದ ಒತ್ತಡದಲ್ಲಿ ಒಳಗೊಳಗೇ ಸವೆದುಹೋಗುವುದಕ್ಕೆ ಬರ್ನ್ಔಟ್ ಅನ್ನುತ್ತಾರೆ. ಅದನ್ನು ಅಳೆಯಲು ಮನಶ್ಶಾಸ್ತ್ರಜ್ಞೆಯರಾದ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸುಸಾನ್ ಜಾಕ್ಸನ್ 1981ರಲ್ಲಿ ಪ್ರಕಟಿಸಿದ ಪ್ರಶ್ನಾವಳಿ ಮೂರು ಸಂಗತಿ ನೋಡುತ್ತದೆ: ಭಾವನೆಗಳು ಬತ್ತಿಹೋಗುವುದು, ರೋಗಿಯನ್ನು ಮನುಷ್ಯನಂತೆ ಕಾಣದಿರುವುದು, ತನ್ನಿಂದ ಏನೂ ಆಗುತ್ತಿಲ್ಲ ಅನ್ನಿಸುವುದು. ನನಗೆ ಎರಡನೆಯದರ ಭಯವೇ ಹೆಚ್ಚು. 2014ರಲ್ಲಿ ಪ್ರಕಟವಾದ ಅಮೆರಿಕದ ಸಮೀಕ್ಷೆಯಲ್ಲಿ ಸುಮಾರು 45% ಆಂಕಾಲಜಿಸ್ಟ್‌ಗಳಲ್ಲಿ ಬರ್ನ್ಔಟ್ ಲಕ್ಷಣ ಕಂಡಿತ್ತು. ಯುರೋಪಿನಲ್ಲಿ 40 ವರ್ಷದೊಳಗಿನವರ ನಡುವೆ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅದು 71%.

ಇದನ್ನು ವೈದ್ಯರ ದೌರ್ಬಲ್ಯ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ವರ್ಗೀಕರಣ ಪಟ್ಟಿಯಾದ ಐಸಿಡಿ-11ರಲ್ಲೂ ಬರ್ನ್ಔಟ್ ಕಾಯಿಲೆಯಲ್ಲ, ಕೆಲಸದ ಜಾಗದ ದೀರ್ಘಕಾಲದ ಒತ್ತಡ ಸರಿಯಾಗಿ ನಿಭಾವಣೆಯಾಗದೆ ಉಂಟಾಗುವ ಸ್ಥಿತಿ. ಹಾಗಿರುವಾಗ ಡ್ಯೂಟಿ ಪಟ್ಟಿ ಮುಟ್ಟದೆ ವೈದ್ಯರಿಗೆ ಧ್ಯಾನದ ಕ್ಲಾಸ್ ಇಟ್ಟು ಕೈತೊಳೆದುಕೊಳ್ಳುವ ಆಡಳಿತಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕೆಲಸದ ಮೇಲಿನ ಪ್ರೀತಿ ಮತ್ತು ದಣಿವು ಒಟ್ಟಿಗೇ ಇರಬಹುದು. ಎಷ್ಟೋ ಸಹೋದ್ಯೋಗಿಗಳು ದಣಿದು ಸುಸ್ತಾಗಿದ್ದರೂ ಈ ಕೆಲಸ ಬಿಡುವ ಮಾತೆತ್ತುವುದಿಲ್ಲ. ತನಗೆ ಅತ್ಯಂತ ಅರ್ಥಪೂರ್ಣವೆನಿಸುವ ಕೆಲಸಕ್ಕೆ, ಅದು ಸಂಶೋಧನೆಯಿರಲಿ, ಪಾಠ ಹೇಳುವುದಿರಲಿ, ರೋಗಿಗಳನ್ನು ನೋಡುವುದಿರಲಿ, ಕನಿಷ್ಠ 20% ಹೊತ್ತು ಸಿಕ್ಕಿದವರಲ್ಲಿ ಬರ್ನ್ಔಟ್ ಕಡಿಮೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಅದು ನಾನು ಕಂಡದ್ದಕ್ಕೂ ಹೊಂದುತ್ತದೆ.

ತಂಗಿಗೆ ಆಸೆಯಿದ್ದರೆ ತಡೆಯಬೇಡಿ. ಸೇರುವ ಮೊದಲು ಆ ವಿಭಾಗದ ಜೂನಿಯರ್‌ಗಳನ್ನೇ ಮಾತಾಡಿಸಲಿ: ಓಪಿಡಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು, ಫಾರ್ಮ್ ತುಂಬುವವರು ಯಾರು, ನೋವು, ಸಂಕಟ ಕಡಿಮೆ ಮಾಡಲು ಆರೈಕೆ ಕೊಡುವ ಪ್ಯಾಲಿಯೇಟಿವ್ ತಂಡ ಇದೆಯೇ, ರಜೆ ಹಾಕಿದರೆ ರೋಗಿಗಳನ್ನು ಯಾರು ನೋಡುತ್ತಾರೆ. ರೋಗಿ ತೀರಿಕೊಂಡ ದಿನ ಸೀನಿಯರ್ ಬಂದು ಮಾತಾಡಿಸುತ್ತಾರಾ ಅಂತಲೂ ಕೇಳಲಿ.